ಔಷಧಿಯ ಗಾಳಿ ಆರುವ ಮುಂಚೆ

ಔಷಧಿ ಹೊಡೆದ ಪಾಲಿಹೌಸಿಗೆ ಕಾಲಿಟ್ಟರೆ ಅದು ಮೊದಲು ಗೊತ್ತಾಗುವುದು ಮೂಗಿಗಲ್ಲ, ನಾಲಿಗೆಗೆ. ತಾಮ್ರದ ತುಂಡು ಬಾಯಲ್ಲಿಟ್ಟುಕೊಂಡ ಹಾಗೆ ಒಂದು ಒಗರು. ಆಮೇಲೆ ಕಣ್ಣುರಿ. ಆಮೇಲೆ ತಲೆಯ ಹಿಂಭಾಗದಲ್ಲಿ ಯಾರೋ ಹಗ್ಗ ಬಿಗಿದಂತೆ ನೋವು. ಸಂಜೆ ಮನೆಗೆ ಹೋಗಿ ಉಗಾಲಿ ಮುದ್ದೆಗೆ ಜೋಳದ ಹಿಟ್ಟು ತಿರುವುತ್ತಿದ್ದರೆ ಬೆರಳ ಸಂದಿಯಿಂದ ಆ ವಾಸನೆ ಏಳುತ್ತದೆ. ನಿಂಬೆಹಣ್ಣು ಉಜ್ಜಿದರೂ ಹೋಗುವುದಿಲ್ಲ.

ನನ್ನ ಹೆಸರು ಅಪೊಂಡಿ. ನೈವಾಷಾ ಸರೋವರದ ದಂಡೆಯ ಒಂದು ಗುಲಾಬಿ ತೋಟದಲ್ಲಿ ಹೂ ಕೊಯ್ಯುವವಳು. ನಾವು ಕೊಯ್ದ ಹೂ ಅದೇ ದಿನ ನೈರೋಬಿಗೆ ಹೋಗಿ, ವಿಮಾನ ಹತ್ತಿ, ಮಾರನೆಯ ದಿನ ಯೂರೋಪಿನ ಅಂಗಡಿಯಲ್ಲಿರುತ್ತದೆ. ನಾವು ಮಾತ್ರ ತಗಡಿನ ಸಾಲುಮನೆಯಲ್ಲಿರುತ್ತೇವೆ. ಅಲ್ಲಿ ಕಿಸೀ ಕಡೆಯವರು, ಲುಹ್ಯಾದವರು, ನಮ್ಮಂಥ ಲುವೋದವರು, ಎಲ್ಲ ಕಡೆಯಿಂದ ಹೊಟ್ಟೆಪಾಡಿಗೆ ಬಂದವರೇ.

ಈ ಔಷಧಿಯ ವಿಷಯಕ್ಕೆ ನಮ್ಮಲ್ಲಿ ಒಂದು ಕಟ್ಟುಪಾಡಿತ್ತು. ಬೆಳಗಿನ ಜಾವ ಔಷಧಿ ಹೊಡೆದರೆ ಮಧ್ಯಾಹ್ನದ ಊಟ ಮುಗಿಯುವ ತನಕ ಆ ಪಾಲಿಹೌಸಿಗೆ ಯಾರೂ ಹೋಗುವಂತಿಲ್ಲ. ಪಕ್ಕದ ಪರದೆ ಎತ್ತಿ ಗಾಳಿಯಾಡಲು ಬಿಡಬೇಕು. ಅಷ್ಟು ಹೊತ್ತು ನಾವು ಹೊರಗೆ ಬಕೆಟ್ಟು ತೊಳೆಯುತ್ತಲೋ ಕಳೆ ಕೀಳುತ್ತಲೋ ಇರುತ್ತಿದ್ದೆವು. ಬಸುರಿಯಾದವಳನ್ನು ಕೊಯ್ಲಿನಿಂದ ಬಿಡಿಸಿ, ಹೂ ವಿಂಗಡಿಸುವ ಶೆಡ್ಡಿಗೆ ಹಾಕಬೇಕು ಎನ್ನುವುದೂ ಕಟ್ಟುಪಾಡಿನಲ್ಲಿತ್ತು. ಇದನ್ನು ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಹಿಂದೊಮ್ಮೆ ಆಫೀಸಿನ ಮುಂದೆ ಮಳೆಯಲ್ಲಿ ನಿಂತು ಜಗಳವಾಡಿ ಪಡೆದದ್ದು. ಆ ಜಗಳ ಆಡಿದವಳು ಬೊಸಿಬೊರಿ.

ಬೊಸಿಬೊರಿ ಕಿಸೀ ಹೆಂಗಸು. ಎತ್ತರದ ಆಳು, ಗಟ್ಟಿ ಗಂಟಲು. ಅವಳು ಬಾಯಿ ತೆರೆದರೆ ಮ್ಯಾನೇಜರ್ ಮುರೀಥಿ ಕೂಡ ಫೋನು ಕೆಳಗಿಟ್ಟು ಕೇಳುತ್ತಿದ್ದ. ನಾವೆಲ್ಲ ಸೇರಿ ಅವಳನ್ನೇ ನಮ್ಮ ಪ್ರತಿನಿಧಿ ಮಾಡಿದ್ದೆವು. ನಮ್ಮ ನಾಲಿಗೆಯನ್ನೆಲ್ಲ ಕಿತ್ತು ಅವಳೊಬ್ಬಳ ಬಾಯಿಗೆ ಇಟ್ಟಿದ್ದೆವು ಅಂದರೂ ತಪ್ಪಿಲ್ಲ.

ಆ ವರ್ಷ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಮುರೀಥಿ ನಮ್ಮನ್ನೆಲ್ಲ ಅಂಗಳದಲ್ಲಿ ಸೇರಿಸಿದ. ಹೂವಿನ ಕ್ರೇಟಿನ ಮೇಲೆ ಹತ್ತಿ ನಿಂತು, ಇವತ್ತಿನಿಂದ ಯೂರೋಪಿನವರು ನಮ್ಮ ಹೂವಿನ ಮೇಲೆ ಸುಂಕ ಹಾಕುತ್ತಾರೆ ಎಂದ. ಇಷ್ಟು ವರ್ಷ ಇರಲಿಲ್ಲ. ನಮ್ಮ ಪೂರ್ವ ಆಫ್ರಿಕದ ಐದು ದೇಶಗಳು ಒಟ್ಟಾಗಿ ಯೂರೋಪಿನ ಜೊತೆ ವ್ಯಾಪಾರದ ಒಪ್ಪಂದ ಮಾಡಿಕೊಳ್ಳಬೇಕಿತ್ತಂತೆ. ನಮ್ಮ ಹೂವು, ಹುರುಳಿಕಾಯಿ ಅಲ್ಲಿಗೆ ಸುಂಕವಿಲ್ಲದೆ ಹೋಗಬೇಕಾದರೆ ಅವರ ಸಾಮಾನಿಗೂ ಇಲ್ಲಿ ಬಾಗಿಲು ತೆರೆಯಬೇಕು. ಹಾಗೆ ತೆರೆದರೆ ನಮ್ಮ ಕಾರ್ಖಾನೆಗಳು ಉಳಿಯುತ್ತವಾ ಎಂದು ಕೆಲವು ಸರ್ಕಾರಗಳು ಹಿಂದೆಮುಂದೆ ನೋಡುತ್ತ ಕೂತಿದ್ದವು. ಅಷ್ಟರಲ್ಲಿ ಗಡುವು ದಾಟಿತು.

ಹಿಂದಿನ ಸಾಲಿನಿಂದ ನಸಂಬು ಕೈ ಎತ್ತಿದಳು. ಅವಳು ಲುಹ್ಯಾದ ಹುಡುಗಿ, ನನ್ನ ಜೊತೆ ಒಂಬತ್ತನೇ ಪಾಲಿಹೌಸಿನಲ್ಲಿ ಕೊಯ್ಯುವವಳು. ಮದುವೆಯಾಗಿ ಬಹಳ ದಿನವಾಗಿರಲಿಲ್ಲ. ಎಲ್ಲದಕ್ಕೂ ಒಂದು ತಮಾಷೆ ಅವಳ ಬಾಯಲ್ಲಿ ಸಿದ್ಧವಿರುತ್ತಿತ್ತು.

"ಸಾರ್, ಪಕ್ಕದ ಉಗಾಂಡದ ಹೂವಿಗೆ ಸುಂಕ ಇಲ್ವಂತೆ. ನಮಗೆ ಮಾತ್ರ ಯಾಕೆ?"

"ಅದು ಬಡ ದೇಶ ಅಂತ ಲೆಕ್ಕ ಕಣಮ್ಮ. ಬಡವರಿಗೆ ಯೂರೋಪಿನವರು ಹೇಗಿದ್ರೂ ಬಿಟ್ಟುಬಿಡ್ತಾರೆ. ನಾವು ಆ ಲೆಕ್ಕದಿಂದ ಮೇಲೆ ಬಂದಿದೀವಿ."

"ಅಯ್ಯೋ, ನಾವು ಸಾಹುಕಾರರಾಗಿದ್ದು ಯಾವಾಗ ಸಾರ್? ಒಂದು ಮಾತು ಮೊದಲೇ ಹೇಳ್ಬಾರ್ದಿತ್ತಾ. ಮನೆಗೆ ಒಂದು ಬಾಗಿಲಾದ್ರೂ ಹಾಕಿಸ್ಕೊಳ್ತಿದ್ದೆ."

ಅಂಗಳವೆಲ್ಲ ನಕ್ಕಿತು. ಮುರೀಥಿಯೂ ನಕ್ಕ. ಆಮೇಲೆ ಹಂಗಾಮಿ ಆಳುಗಳನ್ನೆಲ್ಲ ಎಡಕ್ಕೆ ನಿಲ್ಲಲು ಹೇಳಿ, ನಿಮಗೆ ಇವತ್ತಿನಿಂದ ಕೆಲಸವಿಲ್ಲ ಎಂದ. ನಗು ಅಲ್ಲಿಗೆ ನಿಂತಿತು.

ಅದೇ ಮಧ್ಯಾಹ್ನ ಬೊಸಿಬೊರಿಗೆ ಆಫೀಸಿನಿಂದ ಕರೆ ಬಂತು. ಒಳಗೆ ಅವಳಿಗೆ ಕುರ್ಚಿ ಕೊಟ್ಟರಂತೆ, ಹಾಲು ಹಾಕಿದ ಚಹಾ ಕೊಟ್ಟರಂತೆ. ಬಿಳಿಯ ಮಾಲೀಕ ತಾನೇ ಬಂದು ಕೂತಿದ್ದನಂತೆ. ಹೊರಗೆ ಬಂದಾಗ ಅವಳ ಮುಖದಲ್ಲಿ ಭಯವಿತ್ತು. ಇದನ್ನು ನಾನು ಒತ್ತಿ ಹೇಳಬೇಕು. ಅವಳು ಲಂಚ ತಿಂದು ಬಂದವಳಲ್ಲ, ಹೆದರಿ ಬಂದವಳು.

ಕೆಲಸ ಮುಗಿದ ಮೇಲೆ ಅಕೇಶಿಯ ಮರದ ಕೆಳಗೆ ನಮ್ಮನ್ನು ಕೂರಿಸಿ ಅವಳು ಹೇಳಿದಳು. ಹಂಗಾಮಿಯವರು ಹೋದರು. ಉಳಿದ ಆಳುಗಳೇ ಅಷ್ಟೂ ಹೂವು ಕೊಯ್ಯಬೇಕು. ಔಷಧಿ ಹೊಡೆದ ದಿನ ಮಧ್ಯಾಹ್ನದ ತನಕ ಕಾಯುತ್ತ ಕೂತರೆ ಆಗುವುದಿಲ್ಲ. ಬೆಳಗಿನ ಚಹಾ ಕುಡಿದ ಕೂಡಲೇ ಒಳಗೆ ಹೋಗಬೇಕು. ಮೂಗಿಗೆ ಕಟ್ಟಿಕೊಳ್ಳಲು ಬಟ್ಟೆ ಕೊಡುತ್ತಾರೆ. ಒಪ್ಪದಿದ್ದರೆ ಅರ್ಧ ತೋಟ ಮುಚ್ಚಿ, ಸುಂಕವಿಲ್ಲದ ಇಥಿಯೋಪಿಯಕ್ಕೆ ಗಂಟು ಕಟ್ಟುತ್ತಾರೆ.

"ಇದು ಒಪ್ಪಂದ ಆಗೋ ತನಕ ಮಾತ್ರ," ಎಂದಳು. "ಸುಂಕ ತೆಗೆದ ದಿನವೇ ನಮ್ಮ ಹೊತ್ತು ನಮಗೆ ವಾಪಸ್. ಮಾಲೀಕನೇ ನನ್ನ ಕಣ್ಣು ನೋಡಿ ಹೇಳಿದ್ದಾನೆ. ನನ್ನ ಮಾತು ನಂಬ್ತೀರೋ ಇಲ್ವೋ?"

ಅವಳ ಮಾತನ್ನು ನಂಬದೆ ಇನ್ನಾರದನ್ನು ನಂಬುವುದು? ಒಬ್ಬೊಬ್ಬರೇ ಕೈ ಎತ್ತಿದೆವು. ನಸಂಬು ಕೊನೆಗೆ ಎತ್ತಿದಳು. ಅವಳು ಆಗ ಬಸುರಿ. ಹೇಗಿದ್ದರೂ ತಿಂಗಳೊಳಗೆ ತನ್ನನ್ನು ವಿಂಗಡಣೆಯ ಶೆಡ್ಡಿಗೆ ಹಾಕುತ್ತಾರಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಆ ಶೆಡ್ಡಿನಲ್ಲೂ ಆಳು ಕಡಿಮೆ ಮಾಡಿದ್ದರು. ಒಂದೇ ಒಂದು ಜಾಗ ಖಾಲಿ ಬಿತ್ತು. ಮುರೀಥಿ ಅದನ್ನು ಬೊಸಿಬೊರಿಗೆ ಕೊಟ್ಟ. ಪ್ರತಿನಿಧಿ ಆಫೀಸಿಗೆ ಹತ್ತಿರವಿದ್ದರೆ ಅನುಕೂಲ ಎಂದು ಕಾರಣ ಹೇಳಿದ. ನಸಂಬು ಅದೇ ಜಾಗ ಕೇಳಿದ್ದಾಳೆ ಎಂಬುದು ಬೊಸಿಬೊರಿಗೆ ಗೊತ್ತಿತ್ತು. ಅವಳು ಒಂದು ದಿನ ತಡೆದಳು. ಎರಡನೆಯ ದಿನ ಹೋಗಿ ಆ ಜಾಗದಲ್ಲಿ ನಿಂತಳು. ಅವಳಿಗೂ ಬೆನ್ನು ನೋವಿತ್ತು, ಕೆಮ್ಮಿತ್ತು. ಇಷ್ಟು ವರ್ಷ ಎಲ್ಲರಿಗಾಗಿ ಹೊಡೆದಾಡಿದ್ದೇನೆ, ನನಗೂ ಒಂಚೂರು ನೆರಳು ಬೇಡವಾ ಎಂದುಕೊಂಡೆ ಅಂತ ಆಮೇಲೆ ಅವಳೇ ನನಗೆ ಹೇಳಿದ್ದಾಳೆ. ನಸಂಬುವಿಗೆ ಮಾತ್ರ, ಮುಂದಿನ ಜಾಗ ನಿನ್ನದೇ ಕಣೇ, ನಾನೇ ಮಾತಾಡ್ತೀನಿ ಎಂದಿದ್ದಳು.

ನವೆಂಬರಿನ ಒಂದು ದಿನ ಒಂಬತ್ತನೇ ಪಾಲಿಹೌಸಿಗೆ ಔಷಧಿ ಹೊಡೆದಿದ್ದರು. ರಾತ್ರಿ ಚಳಿಯಿದ್ದುದರಿಂದ ಪರದೆ ಎತ್ತಿರಲಿಲ್ಲ. ಚಹಾ ಕುಡಿದು ಒಳಗೆ ಹೋದೆವು. ಪ್ಲಾಸ್ಟಿಕ್ಕಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಎಲೆಗಳ ಮೇಲೆ ಬಿಳಿ ಪುಡಿ ಇನ್ನೂ ಹಸಿಯಾಗಿತ್ತು. ನಸಂಬು ನನ್ನ ಪಕ್ಕದ ಸಾಲಿನಲ್ಲಿದ್ದಳು. ಮೊದಲು ಮಾತಾಡುತ್ತಿದ್ದಳು. ಆಮೇಲೆ ಮಾತು ನಿಂತಿತು. ಕತ್ತರಿಯ ಸದ್ದೂ ನಿಂತಿತು. ನಾನು ಗಿಡ ಸರಿಸಿ ನೋಡಿದಾಗ ಅವಳು ಮಂಡಿಯೂರಿ ಕೂತು ವಾಂತಿ ಮಾಡುತ್ತಿದ್ದಳು. ಎತ್ತಲು ಹೋದರೆ ಕೈಯಿಂದ ಜಾರಿದಳು. ಮೂವರು ಸೇರಿ ಹೊರಗೆ ಎಳೆದು ತಂದೆವು. ಅವಳ ಲಂಗ ಒದ್ದೆಯಾಗಿತ್ತು. ನೀರೆಂದುಕೊಂಡೆ. ಬಿಸಿಲಿಗೆ ಬಂದ ಮೇಲೆ ನೋಡಿದರೆ ರಕ್ತ.

ಮಗು ಉಳಿಯಲಿಲ್ಲ.

ತೋಟದ ದವಾಖಾನೆಯ ಡಾಕ್ಟರು, ಇವಳಿಗೆ ಮೊದಲೇ ರಕ್ತ ಕಮ್ಮಿ, ಊಟ ಸರಿಯಾಗಿ ಮಾಡುತ್ತಿರಲಿಲ್ಲ ಎಂದ. ನಸಂಬುವಿನ ಗಂಡ ಬಾಗಿಲಲ್ಲಿ ನಿಂತು, ಔಷಧಿ ಹೊಡೆದ ಕಡೆಗೆ ಬಸುರಿಯನ್ನು ಯಾಕೆ ಕಳಿಸಿದಿರಿ ಎಂದು ಕೇಳಿದ. ಮುರೀಥಿ ದನಿ ಏರಿಸಲಿಲ್ಲ. ಮೆತ್ತಗೆ ತಿರುಗಿ ಬೊಸಿಬೊರಿಯ ಕಡೆ ಕೈ ತೋರಿಸಿದ.

"ನಾವು ಯಾರನ್ನೂ ಬಲವಂತ ಮಾಡಿಲ್ಲ. ಇವರ ಪ್ರತಿನಿಧಿನೇ ಒಪ್ಪಿದ್ದು. ಬೇಕಾದ್ರೆ ಇಲ್ಲೇ ಇದ್ದಾರೆ, ಕೇಳಿ."

ನಸಂಬುವಿನ ಗಂಡ ಅವಳನ್ನು ನೋಡಿದ. ಬೊಸಿಬೊರಿ ಬಾಗಿಲ ಬಳಿ ಬಿದ್ದಿದ್ದ ರಕ್ತದ ಲಂಗ ಎತ್ತಿಕೊಂಡು ನಲ್ಲಿಯ ಕಡೆ ನಡೆದಳು.

ಅವತ್ತಿನಿಂದ ಅವಳು ಬೇರೆಯೇ ಆದಳು. ಕೆಲಸ ಮುಗಿಸಿ ಸೀದಾ ನಸಂಬುವಿನ ಮನೆಗೆ ಹೋಗುತ್ತಿದ್ದಳು. ನೀರು ತರುತ್ತಿದ್ದಳು, ಇದ್ದಿಲ ಒಲೆ ಹೊತ್ತಿಸುತ್ತಿದ್ದಳು, ಸೊಪ್ಪು ಹೆಚ್ಚುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ತನ್ನ ಮನೆಯಲ್ಲಿ ಒಲೆ ಹತ್ತಿತೋ ಇಲ್ಲವೋ ಗೊತ್ತಿಲ್ಲ. ಕ್ಷಮಿಸು ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಕೇಳಿದರೆ ಆ ಹುಡುಗಿ ಏನಾದರೂ ಉತ್ತರ ಕೊಡಬೇಕಾಗುತ್ತದಲ್ಲ, ಆ ಭಾರವನ್ನೂ ಅವಳ ಮೇಲೆ ಯಾಕೆ ಹೇರಲಿ ಎನ್ನುತ್ತಿದ್ದಳು. ನಸಂಬು ಮತ್ತೆ ತೋಟದ ಕೆಲಸಕ್ಕೆ ಹೋಗಿರಲಿಲ್ಲ, ಗೋಡೆಗೆ ಒರಗಿ ಕೂತು ನೋಡುತ್ತಿದ್ದಳು. ಬೇಡ ಎನ್ನಲಿಲ್ಲ, ಬಾ ಎನ್ನಲೂ ಇಲ್ಲ.

ಶೆಡ್ಡಿನ ಜಾಗವನ್ನು ಬಿಟ್ಟುಕೊಡುತ್ತೇನೆ, ನನ್ನನ್ನು ಕೊಯ್ಲಿಗೆ ಹಾಕಿ ಎಂದು ಬೊಸಿಬೊರಿ ಮುರೀಥಿಗೆ ಹೇಳಿದಳು. ಅವನು ಒಪ್ಪಿದ. ಯಾರಿಗೂ ಅದರಿಂದ ಉಪಯೋಗವಾಗಲಿಲ್ಲ. ಔಷಧಿ ಹೊಡೆದ ದಿನ ಎಲ್ಲರಿಗಿಂತ ಮೊದಲು ಅವಳೇ ಒಳಗೆ ನುಗ್ಗುತ್ತಿದ್ದಳು. ಮೂಗಿಗೆ ಬಟ್ಟೆಯನ್ನೂ ಕಟ್ಟುತ್ತಿರಲಿಲ್ಲ.

"ಹುಚ್ಚು ಹಿಡಿದಿದ್ಯಾ ನಿಂಗೆ?" ಎಂದು ಒಂದು ದಿನ ಬೈದೆ. "ನೀನು ವಿಷ ಕುಡಿದ್ರೆ ಅವಳ ಹೊಟ್ಟೆ ತುಂಬುತ್ತಾ?"

ಅವಳು ಕೆಮ್ಮುತ್ತ ಕೊಯ್ಯುತ್ತಲೇ ಇದ್ದಳು.

ಕ್ರಿಸ್‌ಮಸ್ಸಿನ ಹೊತ್ತಿಗೆ ಸುದ್ದಿ ಬಂತು. ಒಪ್ಪಂದದ ಮಾತು ಕುದುರಿದೆ, ಸುಂಕ ತೆಗೆದಿದ್ದಾರೆ. ಸಾಲುಮನೆಯ ರೇಡಿಯೋಗಳೆಲ್ಲ ಅದನ್ನೇ ಹೇಳಿದವು. ಎರಡು ಖಂಡಗಳ ನಡುವೆ ಹೊಸ ಸ್ನೇಹ ಎಂದು ಮಂತ್ರಿಯೊಬ್ಬರು ಮಾತಾಡಿದರು. ಹೆಂಗಸರು ಅಂಗಳಕ್ಕೆ ಬಂದು ಕುಣಿದರು. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ. ಬೊಸಿಬೊರಿ ಕುಣಿಯಲಿಲ್ಲ. ಆದರೆ ಬಹಳ ದಿನದ ಮೇಲೆ ತಲೆಗೆ ಒಗೆದ ವಸ್ತ್ರ ಕಟ್ಟಿಕೊಂಡು ಬಂದಿದ್ದಳು.

ಹಬ್ಬ ಮುಗಿದು ಕೆಲಸ ಶುರುವಾಯಿತು. ಮೊದಲ ಸಲ ಔಷಧಿ ಹೊಡೆದ ದಿನ ನಾವು ಬಕೆಟ್ಟು ಹಿಡಿದು ನಲ್ಲಿಯ ಹತ್ತಿರ ಹೋದೆವು. ಚಹಾ ಮುಗಿದ ಕೂಡಲೇ ಗಂಟೆ ಬಾರಿಸಿದರು. ಒಳಗೆ ನಡೀರಿ ಎಂದು ಮೇಸ್ತ್ರಿ ಕೂಗಿದ.

ಬೊಸಿಬೊರಿ ಆಫೀಸಿಗೆ ಹೋದಳು. ನಾನೂ ಹಿಂದೆ ಹೋದೆ. ಮುರೀಥಿ ಏನನ್ನೋ ನೋಡುತ್ತ ತಲೆ ಎತ್ತದೆ ಮಾತಾಡಿದ.

"ಆಗ ಸುಂಕ ಇತ್ತು ಬೊಸಿಬೊರಿ, ಈಗ ವ್ಯಾಲೆಂಟೈನ್ ಇದೆ. ಫೆಬ್ರವರಿಗೆ ಎಷ್ಟು ಹೂ ಕೇಳಿದ್ದಾರೆ ಗೊತ್ತಾ? ಅದಾದ ಮೇಲೆ ಅಮ್ಮಂದಿರ ದಿನ ಬರುತ್ತೆ. ನೀವೇ ತೋರಿಸಿಕೊಟ್ರಲ್ಲ, ಇಷ್ಟೇ ಆಳಲ್ಲಿ ಇಷ್ಟು ಹೂ ಕೊಯ್ಯಬಹುದು ಅಂತ. ಇನ್ನು ಹಿಂದಕ್ಕೆ ಹೋಗು ಅಂದ್ರೆ ಮಾಲೀಕರು ಕೇಳ್ತಾರಾ?"

"ಸಾರ್, ಅವರು ನನ್ನ ಕಣ್ಣು ನೋಡಿ ಮಾತು ಕೊಟ್ಟಿದ್ರು."

"ಮಾತಾ," ಎಂದ ಮುರೀಥಿ. "ನೀನೂ ಅವರಿಗೆ ಮಾತು ಕೊಟ್ಟಿದ್ದೆ. ನಿನ್ನ ಮಾತು ನೀನು ಉಳಿಸ್ಕೊಂಡಿದೀಯ, ಒಳ್ಳೆಯ ಹೆಂಗಸು. ಹೋಗು, ಕೆಲಸ ನೋಡು."

ಆ ಸಂಜೆ ಅವಳು ಎಂದಿನಂತೆ ನಸಂಬುವಿನ ಮನೆಯ ಮುಂದೆ ಬಟ್ಟೆ ಒಗೆಯಲು ಕೂತಳು. ನಾನೂ ಅಲ್ಲಿದ್ದೆ. ಆಫೀಸಿನಲ್ಲಾದ ಮಾತನ್ನು ನಾನೇ ಹೇಳಿದೆ. ನಸಂಬು ಎದ್ದು ಬಂದಳು. ಬೊಸಿಬೊರಿಯ ಕೈಯಿಂದ ಒದ್ದೆ ಬಟ್ಟೆ ಕಿತ್ತುಕೊಂಡಳು. ತಿಂಗಳುಗಳ ಮೇಲೆ ಅವಳ ಜೊತೆ ಅದೇ ಮೊದಲ ಮಾತು.

"ಸಾಕು ಅಕ್ಕಾ. ನನ್ನ ಬಟ್ಟೆ ಒಗೆದು ನಿನ್ನ ಮನಸ್ಸು ಹಗುರ ಮಾಡ್ಕೋಬೇಡ. ಒಂಬತ್ತನೇ ಪಾಲಿಹೌಸಲ್ಲಿ ಈಗ ಇನ್ನೊಬ್ಬಳು ಬಸುರಿ ಇದ್ದಾಳಂತೆ. ಅವಳಿಗೇನು ಮಾಡ್ತೀಯ ಹೇಳು."

ಬೊಸಿಬೊರಿ ಸಾಬೂನು ನೊರೆಯ ಕೈಯಲ್ಲೇ ಎದ್ದು, ಒಂದೊಂದೇ ಮನೆಯ ಬಾಗಿಲಿಗೆ ಹೋದಳು. ಒಳಗೆ ಕರೆದರೂ ಹೋಗದೆ ಹೊಸ್ತಿಲಲ್ಲೇ ನಿಂತು ಹೇಳಿದಳು. ನಾನು ಶೆಡ್ಡಿನ ನೆರಳಿಗೆ ಹೋಗಿ, ನಿಮ್ಮನ್ನು ಔಷಧಿಗೆ ಕಳಿಸಿದೆ. ಅದು ನಸಂಬುವಿನ ಜಾಗ ಅಂತ ಗೊತ್ತಿದ್ದೂ ಹೋದೆ. ನಿಮ್ಮ ಪರವಾಗಿ ಮಾತಾಡುವ ಯೋಗ್ಯತೆ ನನಗಿಲ್ಲ. ನಿಮ್ಮ ಮಾತು ನೀವೇ ಆಡಬೇಕು.

ಕೆಲವರು ಬೈದರು. ಒಬ್ಬಳು ಉಗುಳಿ ಬಾಗಿಲು ಹಾಕಿಕೊಂಡಳು. ಆದರೂ ಅವಳು ಎಲ್ಲ ಸಾಲುಗಳನ್ನೂ ಮುಗಿಸಿದಳು.

ಫೆಬ್ರವರಿಯ ಮೊದಲ ವಾರ. ತೋಟದ ಮುಂದೆ ಹೂ ಸಾಗಿಸುವ ತಂಪು ಲಾರಿಗಳು ಸಾಲಾಗಿ ನಿಂತಿದ್ದವು. ಬೆಳಗಿನ ಜಾವ ಒಂಬತ್ತನೇ ಪಾಲಿಹೌಸಿಗೆ ಔಷಧಿ ಹೊಡೆದಿದ್ದರು. ಚಹಾ ಮುಗಿದ ಮೇಲೆ ಗಂಟೆ ಬಾರಿಸಿದರು. ಬೊಸಿಬೊರಿ ಬಾಗಿಲ ಹತ್ತಿರ ಹೋಗಿ ಬಕೆಟ್ಟು ಬೋರಲು ಹಾಕಿ ಕೂತಳು. ಅವಳ ಪಕ್ಕ ನಾನು ಕೂತೆ. ಆಮೇಲೆ ಒಂಬತ್ತನೇ ಪಾಲಿಹೌಸಿನವರು, ಅವರನ್ನು ನೋಡಿ ಎಂಟನೆಯದರವರು. ಮೇಸ್ತ್ರಿ ಕೂಗಿದ. ಯಾರೂ ಏಳಲಿಲ್ಲ. ಯಾರೂ ಘೋಷಣೆಯನ್ನೂ ಕೂಗಲಿಲ್ಲ.

ಬಿಸಿಲು ಏರಿತು. ಒಳಗೆ ಶಾಖ ಹೆಚ್ಚಿತು. ಯೂರೋಪಿನವರಿಗೆ ಬೇಕಾದದ್ದು ಬಿಗಿಯಾದ ಮೊಗ್ಗು. ಅರಳಿದ್ದನ್ನು ಅವರು ಮುಟ್ಟುವುದಿಲ್ಲ. ಅದಕ್ಕೆಂದೇ ನಾವು ಯಾವತ್ತೂ ಹೂವನ್ನು ಅರಳಲು ಬಿಟ್ಟವರಲ್ಲ. ಅವತ್ತು ಪ್ಲಾಸ್ಟಿಕ್ಕಿನ ಆಚೆ ಮೊಗ್ಗುಗಳು ಒಂದೊಂದಾಗಿ ಬಾಯಿ ಬಿಟ್ಟವು. ಸಾಲಿಗೆ ಸಾಲೇ ಕೆಂಪು ಒಡೆಯಿತು. ಇಷ್ಟು ವರ್ಷ ಅದೇ ಗಿಡಗಳ ಮುಳ್ಳು ಚುಚ್ಚಿಸಿಕೊಂಡಿದ್ದೆ, ಆ ಗುಲಾಬಿ ಅರಳಿದರೆ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮುರೀಥಿ ಓಡಿ ಬಂದ. ಶರ್ಟು ಬೆವರಿಗೆ ಅಂಟಿತ್ತು.

"ಇವರ ಪರವಾಗಿ ಮಾತಾಡೋರು ಯಾರು? ಬೊಸಿಬೊರಿ, ಆಫೀಸಿಗೆ ಬಾ. ಮಾಲೀಕರು ಕಾಯ್ತಿದ್ದಾರೆ. ಕೂತು ಮಾತಾಡೋಣ."

ಹಳೆಯ ಅಭ್ಯಾಸ, ಬೊಸಿಬೊರಿ ಎದ್ದೇ ಬಿಟ್ಟಳು. ನಾನು ಅವಳ ಲಂಗ ಹಿಡಿದು ಜಗ್ಗಿದೆ. ಅವಳು ನನ್ನನ್ನು ನೋಡಿ ನಿಧಾನ ಕೂತಳು.

"ಅವಳು ಬರಲ್ಲ ಸಾರ್," ಎಂದೆ. "ಏನಿದ್ರೂ ಇಲ್ಲೇ ಹೇಳಿ. ಎಲ್ಲರೂ ಕೇಳ್ತೀವಿ, ಎಲ್ಲರೂ ಮಾತಾಡ್ತೀವಿ."

"ಎಲ್ಲರ ಜೊತೆ ಹೇಗಮ್ಮ ಮಾತಾಡೋದು?"

"ಒಬ್ಬೊಬ್ಬರ ಜೊತೆ," ಎಂದಿತು ಹಿಂದಿನಿಂದ ಒಂದು ದನಿ.

ನಸಂಬು ಬಂದಿದ್ದಳು. ಗೇಟಿನವನು ಅವಳನ್ನು ತಡೆದಿರಲಿಲ್ಲ. ತಡೆಯಲು ಅವನಿಗೂ ಮುಖವಿರಲಿಲ್ಲವೇನೋ. ಬೊಸಿಬೊರಿಯ ಪಕ್ಕ ಜಾಗವಿತ್ತು. ಅವಳು ಅಲ್ಲಿ ಕೂರಲಿಲ್ಲ. ಸಾಲಿನ ಆ ತುದಿಗೆ ಹೋಗಿ ಕೂತು, ಮುರೀಥಿಯನ್ನು ನೋಡಿದಳು.

"ನನ್ನಿಂದ ಶುರು ಮಾಡಿ ಸಾರ್. ಯೂರೋಪಿನವರ ಜೊತೆ ಮಾತಾಡೋಕೆ ನಿಮಗೆ ವರ್ಷಗಟ್ಟಲೆ ಪುರುಸೊತ್ತಿತ್ತು. ನಮ್ಮ ಜೊತೆ ಒಂದು ದಿನ ಕೂತ್ಕೊಳ್ಳಿ."

ಅವನು ಆಫೀಸಿಗೆ ಹೋದ, ಬಂದ, ಮತ್ತೆ ಹೋದ. ಪೊಲೀಸರ ಜೀಪು ಬಂದು ಗೇಟಿನಲ್ಲಿ ನಿಂತಿತು. ಹೂವುಗಳು ಅರಳಿ ಅಂಚು ಬಾಡಲು ಶುರುವಾದಾಗ ಮಾಲೀಕ ತಾನೇ ಬಂದ. ಬಿಸಿಲಲ್ಲಿ ಟೊಪ್ಪಿ ತೆಗೆದು ನಿಂತು, ಎಲ್ಲರ ಮುಂದೆ, ಇನ್ನು ಮೇಲೆ ಮಧ್ಯಾಹ್ನದ ಊಟದ ಮುಂಚೆ ಯಾರೂ ಒಳಗೆ ಹೋಗಬೇಕಾಗಿಲ್ಲ ಎಂದ. ಬಸುರಿಯರನ್ನು ಶೆಡ್ಡಿಗೆ ಹಾಕುತ್ತೇನೆ ಎಂದ. ನಸಂಬುವಿನ ಹೆಸರನ್ನು ಅವನು ಎತ್ತಲಿಲ್ಲ. ಅವಳ ಮಗು ಹೋದದ್ದಕ್ಕೆ ಏನು ಹೇಳುತ್ತೀರಿ ಎಂದು ನಾವು ಕೇಳಿದಾಗ, ಅದು ಡಾಕ್ಟರಿಗೆ ಬಿಟ್ಟ ವಿಷಯ ಎಂದ.

ಅಷ್ಟೇ ಗೆದ್ದದ್ದು. ಹಂಗಾಮಿಯವರು ಹಿಂದಕ್ಕೆ ಬರಲಿಲ್ಲ. ಮಾರ್ಚಿನಲ್ಲಿ ಬೊಸಿಬೊರಿಗೆ ಕೆಲಸವಿಲ್ಲ ಎಂದರು. ಸಿಟ್ಟಿನಿಂದ ನಾವು ಆಗ ಇನ್ನೊಂದು ಸಲ ಅಂಗಳದಲ್ಲಿ ಕೂತೆವು. ಅವಳೇ ಬಂದು ಎಬ್ಬಿಸಿದಳು. ನನಗಾಗಿ ಒಂದು ಮೊಗ್ಗೂ ಅರಳುವುದು ಬೇಡ ಎಂದಳು.

ಈಗ ಅವಳು ಸರೋವರದ ದಾರಿಯಲ್ಲಿ ಕರಿದ ಮೀನು ಮಾರುತ್ತಾಳೆ. ಕೆಮ್ಮು ಬಿಟ್ಟಿಲ್ಲ. ನಸಂಬು ದಿನಾ ಆ ದಾರಿಯಲ್ಲೇ ಹೋಗುತ್ತಾಳೆ. ಹೋಗುವಾಗ ತಲೆಯಾಡಿಸುತ್ತಾಳೆ, ನಿಲ್ಲುವುದಿಲ್ಲ. ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಆ ಹುಡುಗಿ ಕೊಡಬೇಕಾಗಿಲ್ಲ ಎನ್ನುತ್ತಾಳೆ ಬೊಸಿಬೊರಿ.

ನಾನು ಮೀನಿಗೆ ಹೋದರೆ, ಯಾವುದು ಬೇಕು ಎಂದು ಮೊದಲು ಕೇಳುವುದಿಲ್ಲ. ಇವತ್ತು ಔಷಧಿ ಹೊಡೆದಿದ್ರಾ, ಎಷ್ಟು ಹೊತ್ತಿಗೆ ಒಳಗೆ ಬಿಟ್ರು ಎಂದು ಕೇಳುತ್ತಾಳೆ. ಉತ್ತರ ಬರುವ ತನಕ ಬಾಣಲೆಗೆ ಕೈ ಹಾಕುವುದಿಲ್ಲ. ಮಧ್ಯಾಹ್ನದ ಮೇಲೆ ಎಂದು ನಾನು ಹೇಳುತ್ತೇನೆ.

ಮೊನ್ನೆ ಹಾಗೆ ಹೇಳಲು ಆಗಲಿಲ್ಲ. ಒಪ್ಪಂದದ ಮಾತು ಮತ್ತೆ ಎಲ್ಲೋ ಸಿಕ್ಕಿಕೊಂಡಿದೆಯಂತೆ, ಮತ್ತೆ ಸುಂಕ ಬಂದರೂ ಬರಬಹುದಂತೆ.

"ಇವತ್ತು ಚಹಾ ಆದ ಕೂಡ್ಲೇ ಗಂಟೆ ಹೊಡೆದ್ರು ಅಕ್ಕಾ," ಎಂದೆ.

ಅವಳ ಕೈಯಲ್ಲಿದ್ದ ಸೌಟು ನಿಂತಿತು. ಎಣ್ಣೆಯಲ್ಲಿ ಮೀನು ಕರಕಲಾಗುತ್ತಿತ್ತು.

"ಎಷ್ಟು ಜನ ಒಳಗೆ ಹೋದ್ರು?"

"ಯಾರೂ ಹೋಗಲಿಲ್ಲ."